ಕಾಲಂ ಬುಡದಲ್ಲಿ ಯುಪಿವಿ (ಕಾಂಕ್ರೀಟಿನೊಳಗೆ ಅಲ್ಟ್ರಾಸಾನಿಕ್ ಅಲೆ ಸಾಗುವ ವೇಗ) 3.8 ಬಂದಿದೆ, ‘ಗುಡ್’ ಅಂತ ಬಿಟ್ಟುಬಿಡಬಹುದೇ?

ಜಲ್ಲಿಮರಳು:
300×450 ಮಿ.ಮೀ. ಕಾಲಂ, ಎಂ25 ಗ್ರೇಡ್, ಕಾಂಕ್ರೀಟ್ ಹಾಕಿ 35 ದಿನ ಆಗಿದೆ. 54 ಕಿಲೋಹರ್ಟ್ಸ್ ಪ್ರೋಬ್ ಎರಡೂ ಮುಖಕ್ಕೆ ಎದುರುಬದುರು ಇಟ್ಟು, 300 ಮಿ.ಮೀ. ದಪ್ಪಕ್ಕೆ ರೀಡಿಂಗ್ ತೆಗೆದೆವು. ಮೇಲೆಲ್ಲ 73 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿಗೆ 4.1 ಕಿ.ಮೀ. ಸ್ಟಾರ್ಟರ್‌ನಿಂದ (ಕಾಲಂ ಬುಡಕ್ಕೆ ಮೊದಲು ಹಾಕುವ ಗಿಡ್ಡ ಕಾಂಕ್ರೀಟ್) ಒಂದಡಿವರೆಗೆ ಮಾತ್ರ 79, ಅಂದರೆ 3.8. ಅಲ್ಲಿ ಸುತ್ತಿಗೆಯಲ್ಲಿ ತಟ್ಟಿದರೆ ಸದ್ದು ಮಂಕು. ಕೋಡ್ ಪ್ರಕಾರ ‘ಗುಡ್’, ಗಿಲಾವು ಶುರು ಮಾಡೋಣ ಅಂತಿದ್ದಾರೆ ಕಂಟ್ರಾಕ್ಟರ್. ಮಾಡಿಸಬಹುದೇ? ಈ ವೇಗದಿಂದ ಸ್ಟ್ರೆಂತ್ ಹೇಳಬಹುದೇ?

ಕಂಬಿಲೆಕ್ಕ:
ಗಿಲಾವು ಸದ್ಯ ಬೇಡ ಸರ್. ಟೊಳ್ಳು ಸಿಕ್ಕಿದರೆ ಅಲೆ ನಿಲ್ಲುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 300 ಮಿ.ಮೀ. ದಾರಿಯ ನಡುವೆ 100 ಮಿ.ಮೀ. ವ್ಯಾಸದ ಟೊಳ್ಳಿದ್ದರೂ ಸುತ್ತುದಾರಿ ಸುಮಾರು 317 ಮಿ.ಮೀ. ಅಷ್ಟೇ. 4.1 ಇದ್ದದ್ದು 3.9 ಆಗುತ್ತದೆ, ಆ ದಾರಿಯ ಮೂರನೇ ಒಂದು ಭಾಗ ಖಾಲಿ ಇದ್ದರೂ ಕೋಡಿನ ಕೋಷ್ಟಕ ‘ಗುಡ್’ ಅನ್ನುತ್ತದೆ! ಅದಕ್ಕೇ ಕೋಷ್ಟಕಕ್ಕಿಂತ ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸ ಮುಖ್ಯ. ಬುಡದಲ್ಲಿ ಲ್ಯಾಪ್ ಕಂಬಿಗಳು (ಒಂದರ ಪಕ್ಕ ಒಂದು ಜೋಡಿಸಿ ಮುಂದುವರಿಸಿದವು) ಒತ್ತಾಗಿರುತ್ತವೆ, 20 ಮಿ.ಮೀ. ಜಲ್ಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸ್ಟಾರ್ಟರ್ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿಹೋಗುತ್ತದೆ. ಹನಿಕೋಂಬ್ (ಜಲ್ಲಿಯ ನಡುವೆ ಜೇನುಗೂಡಿನಂಥ ಟೊಳ್ಳು) ಆಗುವ ಜಾಗವೇ ಅದು.

ಗ್ರೀಸ್‌ಡಬ್ಬಿ:
ಒಪ್ಪುತ್ತೇನೆ. ಆದರೆ ಮೊದಲು ಬುಡದ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹಸಿ ಕಾಂಕ್ರೀಟಿನ ಒತ್ತಡ ಅಲ್ಲೇ ಹೆಚ್ಚು, ಸೆಂಟ್ರಿಂಗ್ ಉಬ್ಬುತ್ತದೆ. 325 ಆಗಿದ್ದರೆ ಒಳ್ಳೆ ಕಾಂಕ್ರೀಟೂ 79 ಮೈಕ್ರೋಸೆಕೆಂಡೇ ತೋರಿಸುತ್ತದೆ. ನೀವು 300 ಅಂತ ಭಾಗಿಸಿ 3.8 ಬರೆದಿರುತ್ತೀರಿ.

ರೆಫರೆನ್ಸ್ ಬಾರ್ (ಅಲೆ ದಾಟುವ ಸಮಯ ಮೊದಲೇ ಗೊತ್ತಿರುವ ಸರಳು) ಇಟ್ಟು ಮೀಟರಿನ ಸೊನ್ನೆ ಸರಿಮಾಡಿ. ಪ್ರೋಬ್ ಇಡುವ ಜಾಗ ಕಾರ್ಬೊರಂಡಂ ಕಲ್ಲಿನಲ್ಲಿ ಉಜ್ಜಿ, ಗ್ರೀಸ್ ತೆಳ್ಳಗೆ ಹಚ್ಚಿ, ಅಂಕಿ ನಿಲ್ಲುವ ತನಕ ಒತ್ತಿ ಹಿಡಿಯಿರಿ. ಒಳಗಿನ ಕಂಬಿ ಪತ್ತೆ ಮಾಡುವ ಕವರ್ ಮೀಟರ್‌ನಲ್ಲಿ ರಿಂಗ್ (ಉದ್ದ ಕಂಬಿಗಳನ್ನು ಸುತ್ತುವ ಅಡ್ಡ ಕಂಬಿ) ಗುರುತಿಸಿ, ಎರಡು ರಿಂಗಿನ ನಡುವೆ ಓದಿ. ಉಕ್ಕಿನಲ್ಲಿ ಅಲೆಗೆ ವೇಗ ಜಾಸ್ತಿ, ದಾರಿಗೆ ಸಮಾನಾಂತರ ಕಂಬಿ ಇದ್ದರೆ ದೋಷ ಮುಚ್ಚಿಹೋಗುತ್ತದೆ. ಬುಡ ಒದ್ದೆಯಿದ್ದರೂ ವೇಗ ತುಸು ಹೆಚ್ಚೇ ಬರುತ್ತದೆ.

ಜಲ್ಲಿಮರಳು:
ದಪ್ಪ 303. 75 ಮಿ.ಮೀ. ಚೌಕ ಹಾಕಿ ಮತ್ತೆ ಓದಿದೆವು. ಒಂದು ಮೂಲೆಯಲ್ಲಿ ಎರಡು ಬಿಂದು 96 ತೋರಿಸುತ್ತಿವೆ.

ಕಂಬಿಲೆಕ್ಕ:
ಅಂದರೆ 3.2ಕ್ಕಿಂತ ಕಡಿಮೆ. ಆ ಮೂಲೆಯನ್ನು ಕೈಉಳಿಯಲ್ಲಿ ಬಿಡಿಸಿ, ಬ್ರೇಕರ್ ಬೇಡ. ಆಳಕ್ಕೆ ಹೋಗಿದ್ದರೆ ಮೊದಲು ಬೀಮ್‌ಗಳಿಗೆ ಪ್ರಾಪ್ (ಆಸರೆ ಕಂಬ) ಕೊಟ್ಟು, ಡಿಸೈನರನ್ನು ಕರೆಸಿ. ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ತೆಗೆದು, ತೊಳೆದು, ನಾನ್‌ಶ್ರಿಂಕ್ (ಕುಗ್ಗದ) ಮೈಕ್ರೋ ಕಾಂಕ್ರೀಟ್ ತುಂಬಿಸಿ. ಆಮೇಲೆ ಅವೇ ಬಿಂದುಗಳಲ್ಲಿ ಮತ್ತೆ ಓದಿ.

ಸ್ಟ್ರೆಂತ್ ಮಾತ್ರ ವೇಗದಿಂದ ಹೇಳಬೇಡಿ. ಜಲ್ಲಿ ಬದಲಾದರೆ ಅದೇ 4.1ಕ್ಕೆ ಸ್ಟ್ರೆಂತ್ ಬೇರೆ. ಬೇಕೇಬೇಕೆಂದರೆ ಕಂಬಿ ತಪ್ಪಿಸಿ ಕನಿಷ್ಠ ಮೂರು ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ. ಐಎಸ್ 456:2000 ಪ್ರಕಾರ ಕೋರ್‌ಗಳ ಸರಾಸರಿ (ಕ್ಯೂಬ್‌ಗೆ ಪರಿವರ್ತಿಸಿದ್ದು) ಆ ಗ್ರೇಡಿಗೆ ಹೇಳಿದ ಕ್ಯೂಬ್ ಸ್ಟ್ರೆಂತಿನ ಕನಿಷ್ಠ 85% ಇರಬೇಕು, ಯಾವ ಒಂದು ಕೋರೂ 75%ಗಿಂತ ಕೆಳಗೆ ಬರಬಾರದು.