ಅಪ್‌ಡೇಟ್: ಬಿಸಿಲಿಗೆ ಸಾಯುತ್ತಿದ್ದ ಎರೆಹುಳುಗಳು ಈಗ ಹೇಗಿವೆ

ಕುಶಾಲನಗರದ ಬಳಿಯ ನಮ್ಮ ಹಿತ್ತಲಿನ ತರಕಾರಿ ಮಡಿಗಳಲ್ಲಿ ಬಿಟ್ಟಿದ್ದ ಎರೆಹುಳುಗಳು ಮಾರ್ಚ್ ಬಿಸಿಲಿಗೆ ಸಾಯುತ್ತಿವೆ, ಉಳಿಸಿಕೊಳ್ಳುವುದು ಹೇಗೆ ಎಂದು ನಾನು ಕೇಳಿದ್ದೆ. ನೆರಳು, ತೇವ ಮತ್ತು ಮುಚ್ಚಿಗೆಯತ್ತ ಗಮನ ಕೊಡಲು ಹೇಳಿದವರಿಗೆಲ್ಲ ನಾನು ಋಣಿ.

ಮುಖ್ಯ ತಪ್ಪು ನನ್ನದೇ ಆಗಿತ್ತು. ಹಸಿ ಕಾಫಿ ಸಿಪ್ಪೆಯನ್ನು ದಪ್ಪ ಪದರವಾಗಿ ಹೂತಿದ್ದರಿಂದ ಅದು ಕೊಳೆಯುತ್ತಾ ಬಿಸಿಯಾಗಿ, ಮಧ್ಯಾಹ್ನ ಮಣ್ಣಿನೊಳಗೆ ಥರ್ಮಾಮೀಟರ್ ಇಟ್ಟಾಗ 38 ಡಿಗ್ರಿ ತೋರಿಸಿತು. 15ರಿಂದ 25 ಡಿಗ್ರಿಯಲ್ಲಿ ಹಾಯಾಗಿರುವ ಕೆಂಪು ಎರೆಹುಳುಗಳಿಗೆ ಅದು ಸಾವಿನ ಮನೆ.

ಸಿಪ್ಪೆಯನ್ನೆಲ್ಲ ತೆಗೆದು ಬೇರೆ ಗುಂಡಿಯಲ್ಲಿ ಕೊಳೆಯಲು ಬಿಟ್ಟು, ಮಡಿಗಳ ಮೇಲೆ ಸಿಲ್ವರ್ ಓಕ್ ತರಗೆಲೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಸಂಜೆ ಮಾತ್ರ ನೀರು ಚಿಮುಕಿಸತೊಡಗಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಬಾಳೆದಿಂಡು: ಉದ್ದಕ್ಕೆ ಸೀಳಿ, ಸೀಳಿದ ಮೈ ಕೆಳಗಾಗುವಂತೆ ಮಲಗಿಸಿದ್ದ ತುಂಡನ್ನು ವಾರದ ನಂತರ ಎತ್ತಿ ನೋಡಿದಾಗ, ತಣ್ಣನೆಯ ಪಟ್ಟೆಗಳ ಸಂದಿನಲ್ಲಿ ಹತ್ತಾರು ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಮಲಗಿದ್ದವು. ಅವನ್ನು ನೋಡಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಪಡುವಣ ಗೋಡೆಯ ಪಕ್ಕದ ಮಡಿ ಮಾತ್ರ ಇನ್ನೂ ಬರಿದಾಗಿದೆ; ಗೋಡೆಯ ಕಾವು ರಾತ್ರಿಯೂ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಹುಳು ಬಿಡುವುದನ್ನು ಮಳೆಗಾಲಕ್ಕೆ ಮುಂದೂಡಿದ್ದೇನೆ. ಉಳಿದ ಮಡಿಗಳಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ ನಿಂಬೆಯಾಕಾರದ, ಸಾಸಿವೆಗಿಂತ ತುಸು ದೊಡ್ಡದಾದ ಹಳದಿ ಮೊಟ್ಟೆಕೋಶಗಳು ಕಾಣಿಸಿಕೊಂಡಿವೆ.