ಗಂಡ ಯುದ್ಧ ಗೆದ್ದರೆ ಹೆಂಡತಿಗೆ ಸ್ವರ್ಗ? ಕ್ಲಿಂಗಾನರ ಲೆಕ್ಕ ಅರ್ಥ ಆಗ್ತಿಲ್ಲ

ರಾತ್ರಿಪಾಳಿ:
ಸ್ಟಾರ್ ಟ್ರೆಕ್‌ನ ಡೀಪ್ ಸ್ಪೇಸ್ ನೈನ್ ಟಿವಿ ಸರಣಿ ಮತ್ತೆ ನೋಡುತ್ತಿದ್ದೇನೆ. ಏಳನೇ ಸೀಸನ್ ಶುರುವಿನಲ್ಲೇ ತಲೆ ಕೆಟ್ಟಿತು. (ನೋಡದವರು ಮುಂದೆ ಓದಬೇಡಿ.) ಅದರಲ್ಲಿನ ಅನ್ಯಗ್ರಹದ ಕ್ಲಿಂಗಾನರಲ್ಲಿ ಕಾದಾಡಿ ಸತ್ತವರಿಗೆ ಸ್ಟೋವೊಕೋರ್ ಅನ್ನೋ ಸ್ವರ್ಗ, ಮಾನ ಕಳೆದುಕೊಂಡವರಿಗೆ ಗ್ರೆಥೋರ್ ಅನ್ನೋ ನರಕ, ಅಷ್ಟೇ ಅಲ್ವಾ? ಕ್ಲಿಂಗಾನ್ ವರ್ಫ್‌ನ ಹೆಂಡತಿ ಜಾಡ್ಜಿಯಾ ಸತ್ತದ್ದು ಗುಡಿಯಲ್ಲಿ. ಕಾದಾಟ ಅಂತ ಏನೂ ನಡೆಯಲೇ ಇಲ್ಲ, ಶತ್ರು ಡುಕಾಟ್ ಬಂದ, ಮುಗಿಸಿ ಹೋದ. ಆಮೇಲೆ ವರ್ಫ್ ಕ್ಲಿಂಗಾನ್ ಸೇನಾಪತಿ ಮಾರ್ಟಾಕ್‌ನ ಹಡಗು ಹತ್ತಿ, ಶತ್ರುಗಳು ಹಡಗು ಕಟ್ಟುವ ಜಾಗವನ್ನೇ ಸುಟ್ಟು, ಆ ಗೆಲುವನ್ನು ಹೆಂಡತಿ ಹೆಸರಿಗೆ ಬರೆದುಬಿಡುತ್ತಾನೆ. ಅವಳಿಗೆ ಬಾಗಿಲು ತೆರೆಯಿತಂತೆ! ಸತ್ತ ಮೇಲೆ ಬೇರೆಯವರು ಗಳಿಸಿಕೊಡುವ ಹಾಗಿದ್ದರೆ ಬದುಕಿದ್ದಾಗ ಅಷ್ಟೆಲ್ಲ ಮಾನ, ಮಾನ ಅಂತ ಕೂಗಾಡೋದು ಯಾಕೆ?

ಹಳೇರಿಮೋಟ್:
ಒಬ್ಬೊಬ್ಬರದೂ ಬೇರೆ ಲೆಕ್ಕ ಅಂದುಕೊಂಡಿದ್ದೀರಿ, ಅಲ್ಲೇ ತೊಡಕು. ಅವರಲ್ಲಿ ಮಾನ ಮನೆತನದ್ದು. ಅವಿಭಕ್ತ ಕುಟುಂಬದ ಸಾಲ ಇದ್ದ ಹಾಗೆ, ಯಾರೋ ಮಾಡಿದ್ದು, ತೀರಿಸುವವರು ಇನ್ಯಾರೋ. ನೆಕ್ಸ್ಟ್ ಜನರೇಶನ್ ಸರಣಿಯ 1990ರ ‘ಸಿನ್ಸ್ ಆಫ್ ದ ಫಾದರ್’ ಕಂತು ನೋಡಿ. ಖಿಟೊಮರ್ ಅನ್ನೋ ಕ್ಲಿಂಗಾನ್ ನೆಲೆಯಲ್ಲಿ ದ್ರೋಹ ಮಾಡಿದವನು ವರ್ಫ್‌ನ ವೈರಿ ಡುರಾಸ್‌ನ ಅಪ್ಪ. ಹೆಸರು ಕೆಟ್ಟದ್ದು ಸತ್ತುಹೋದ ಮೋಗ್‌ದು. ಸಭೆಯಲ್ಲಿ ಎಲ್ಲರೂ ಬೆನ್ನು ತಿರುಗಿಸಿ ನಿಂತದ್ದು ಮೋಗ್‌ನ ಮಗ ವರ್ಫ್‌ಗೆ.

ವಾಯೇಜರ್ ಸರಣಿಯಲ್ಲಿ ಇದು ಇನ್ನೂ ನೇರವಾಗಿದೆ. 1999ರ ‘ಬಾರ್ಜ್ ಆಫ್ ದ ಡೆಡ್’ನಲ್ಲಿ ಅರೆ ಕ್ಲಿಂಗಾನ್ ಬಿಲಾನಾಳ ತಾಯಿ ಮಿರಾಲ್ ಸತ್ತವರ ದೋಣಿಯಲ್ಲಿ ಗ್ರೆಥೋರ್‌ಗೆ ಹೊರಟಿರುತ್ತಾಳೆ. ಅವಳು ಮಾಡಿದ್ದೇನೂ ಇಲ್ಲ, ಮಗಳು ಕ್ಲಿಂಗಾನ್ ದಾರಿ ಬಿಟ್ಟಳು ಅಂತ ಅಷ್ಟೇ. ಮಗಳ ತಪ್ಪಿಗೆ ತಾಯಿ ನರಕಕ್ಕೆ ಹೋಗುವ ಕಡೆ ಗಂಡನ ಗೆಲುವಿಗೆ ಹೆಂಡತಿ ಸ್ವರ್ಗಕ್ಕೆ ಹೋದರೆ ಏನು ವಿಚಿತ್ರ? ಅದೂ ಅಲ್ಲದೆ ಜಾಡ್ಜಿಯಾ ಮದುವೆಯಾಗಿ ಮಾರ್ಟಾಕ್ ಮನೆ ಸೇರಿದವಳು. ಆ ಮನೆಯೊಡತಿ ಸಿರೆಲ್ಲಾ ಒಪ್ಪಿಕೊಳ್ಳುವ ಮೊದಲು ಎಷ್ಟು ಗೋಳು ಹೊಯ್ದುಕೊಂಡಳು, ಮರೆತುಬಿಟ್ರಾ?

ರಾತ್ರಿಪಾಳಿ:
ಮನೆತನ ಸರಿ. ಆದರೆ ಆ ದಾಳಿಗೆ ಕ್ಲಿಂಗಾನರೇ ಅಲ್ಲದ ಬಷೀರ್, ಓಬ್ರಯನ್, ಕೊನೆಗೆ ಬಾರ್‌ನ ಕ್ವಾರ್ಕ್ ಕೂಡ ಹೋಗಿದ್ದರಲ್ಲ. ಬಾರ್ ನಡೆಸುವವನು ಯಾವ ಮನೆತನ?

ಹಳೇರಿಮೋಟ್:
ಕ್ವಾರ್ಕ್ ಒಂದು ಕಾಲದಲ್ಲಿ ಗ್ರಿಲ್ಕಾಳ ಗಂಡ ಆಗಿದ್ದ ಸ್ವಾಮಿ, ಸ್ವಲ್ಪ ದಿನ ಒಂದು ಕ್ಲಿಂಗಾನ್ ಮನೆತನಕ್ಕೆ ಅವನದೇ ಹೆಸರಿತ್ತು 😄

ಸೊಪ್ಪಿನಸಾರು:
ಮನೆತನದ ಮಾತು ಒಪ್ಪುತ್ತೇನೆ, ಆದರೆ ಅದನ್ನು ಇಷ್ಟು ಹಗುರವಾಗಿ ಹೇಳಬೇಡಿ. ಕರ್ನ್‌ನ ಗತಿ ನೋಡಿ. ಅಣ್ಣ ವರ್ಫ್ ಚಾನ್ಸಲರ್ ಗಾವ್ರಾನ್‌ನ ಯುದ್ಧಕ್ಕೆ ಎದುರು ನಿಂತ, ಮನೆತನದ ಆಸ್ತಿ, ಸ್ಥಾನ ಎಲ್ಲ ಹೋಯಿತು. ತಮ್ಮನ ಕೈಯಲ್ಲಿ ಏನೂ ಇರಲಿಲ್ಲ. ‘ನನ್ನನ್ನು ನೀನೇ ಕೊಲ್ಲು, ಆಗಲಾದರೂ ಮಾನದಿಂದ ಹೋಗುತ್ತೇನೆ’ ಅಂತ ಅಣ್ಣನ ಹತ್ತಿರವೇ ಬರುತ್ತಾನೆ. ವರ್ಫ್ ಚಾಕು ಹಾಕಿಯೂ ಬಿಡುತ್ತಾನೆ, ಜೀವ ಮಾತ್ರ ಉಳಿಯುತ್ತದೆ. ಕೊನೆಗೆ ನೆನಪು ಅಳಿಸಿ, ಮುಖ ಬದಲಿಸಿ, ರೋಡೆಕ್ ಅಂತ ಹೆಸರಿಟ್ಟು ನೊಗ್ರಾ ಮನೆಗೆ ಮಗನಾಗಿ ಕೊಟ್ಟುಬಿಡುತ್ತಾರೆ. ಆ ಕಂತಿಗಿಂತ ಕಹಿಯಾದದ್ದು ಇಡೀ ಸರಣಿಯಲ್ಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು. ‘ಕಾದಾಡಿ ಸತ್ತರೆ ಮಾತ್ರ ಮಾನ’ ಅನ್ನೋದು ಎಲ್ಲ ಕ್ಲಿಂಗಾನರ ಮಾತಲ್ಲ, ಯೋಧರ ಮಾತು. ಎಂಟರ್‌ಪ್ರೈಸ್ ಸರಣಿಯ ‘ಜಡ್ಜ್‌ಮೆಂಟ್’ನಲ್ಲಿ (2003) ಮುದಿ ವಕೀಲ ಕೋಲೋಸ್ ಇದನ್ನೇ ಹೇಳಿ ಕೊರಗುತ್ತಾನೆ. ಅವನ ಅಪ್ಪ ಮೇಷ್ಟ್ರು, ಅಮ್ಮ ಜೀವವಿಜ್ಞಾನಿ. ಆಗ ಅದರಲ್ಲೂ ಮಾನ ಇತ್ತು, ಈಗಿನ ಹುಡುಗರಿಗೆ ಆಯುಧ ಹಿಡಿಯುವುದು ಬಿಟ್ಟು ಬೇರೇನೂ ಕಾಣುವುದಿಲ್ಲ ಅಂತ.

ರಾತ್ರಿಪಾಳಿ:
ಕೋಲೋಸ್ ಕಂತು ನೋಡಿಲ್ಲ, ಇವತ್ತೇ ಹಾಕುತ್ತೇನೆ. ಆದರೆ ಕರ್ನ್ ವಿಷಯ ಈಗ ಇನ್ನೂ ಗಂಟಾಯಿತಲ್ಲ. ಅವನು ರೋಡೆಕ್ ಆಗಿ ಯುದ್ಧದಲ್ಲಿ ಸತ್ತರೆ ಒಳಗೆ ಹೋಗೋದು ನೊಗ್ರಾನ ಮಗನಾ, ಮೋಗ್‌ನ ಮಗನಾ?

ಸೊಪ್ಪಿನಸಾರು:
ನೊಗ್ರಾನ ಮಗನೇ. ವರ್ಫ್‌ನೇ ಕೊನೆಯಲ್ಲಿ ನನಗೆ ಯಾರೂ ಇಲ್ಲ ಅಂದುಬಿಟ್ಟನಲ್ಲ.

ಹಳೇರಿಮೋಟ್:
ನಾನು ಒಪ್ಪಲ್ಲ. ಬಾಗಿಲಲ್ಲಿ ಕ್ಲಿಂಗಾನರ ಆದಿ ಸಾಮ್ರಾಟ ಕೇಲೆಸ್ ನಿಂತಿರುತ್ತಾನಂತೆ, ಅವನಿಗೂ ನೆನಪು ಅಳಿಸಿದ್ದಾರಾ?