ಹಳೇ ಸಾಗವಾನಿ, ಹೊಸ ಪ್ಲೈವುಡ್ ಮತ್ತು ನಮ್ಮ ಮನೆ ಗುಂಪು

ಗುಂಪು: ಗಂಗಾವತಿ ಮನೆಯವರು

ಕೊಪ್ಪಳ ಕಾಕಾ: (ವಿಡಿಯೊ) ಎಲ್ಲರೂ ನೋಡಿ. ಪ್ಲೈವುಡ್ ಮೇಲೆ ಅಂಟು ಸುರಿದು, ಹಲಗೆ ಕೂರಿಸಿ, ಸ್ಕ್ರೂ ಬಿಗಿದರೆ ಮುಗೀತು. ಹಳೇ ಮನೆಯ ಸಾಗವಾನಿ ಹಲಗೆಗಳಿಂದ ಹೀಗೇ ಊಟದ ಟೇಬಲ್ ಮಾಡಿಸುತ್ತೇನೆ. ಮೂರಡಿ ಅಗಲ. ಭಾನುವಾರ ಮೇಸ್ತ್ರಿ ಬರುತ್ತಾನೆ.

ಬಳ್ಳಾರಿ ಅತ್ತೆ: ಚಂದ ಐತಿ. ಮಾಡಿಸು.

ನಾನು: ಕಾಕಾ, ಅಂಟು ಮಾತ್ರ ಬೇಡ. ಪ್ಲೈ ಅಷ್ಟಾಗಿ ಅಲುಗಲ್ಲ, ಹಲಗೆ ತೇವಕ್ಕೆ ಹಿಗ್ಗಿ ಕುಗ್ಗಿ ಅಲುಗುತ್ತದೆ. ಎರಡನ್ನೂ ಬಿಗಿದರೆ ಒಂದು ಸೀಳಲೇಬೇಕು.

ಕೊಪ್ಪಳ ಕಾಕಾ: ಮರ ಕಡಿದು ಎಷ್ಟೋ ಕಾಲ ಆಯಿತಪ್ಪಾ. ನಿಮ್ಮ ಅಜ್ಜನ ಕಾಲದ್ದು. ಒಣಗಿ ಕಲ್ಲಾಗಿದೆ. ಇನ್ನೇನು ಅಲುಗುತ್ತೆ?

ನಾನು: ಹಳೇದಾದರೂ ಮರ ಗಾಳಿಯ ತೇವ ಹೀರುವುದನ್ನು ಬಿಡಲ್ಲ. ಮಳೆಗಾಲದಲ್ಲಿ ನಿಮ್ಮ ಬಚ್ಚಲು ಬಾಗಿಲನ್ನು ಯಾಕೆ ಒದ್ದು ಮುಚ್ಚುತ್ತೀರಿ?

ರಾಯಚೂರು ಮಾಮಾ: ಹಹ್ಹ, ಅದು ನಿಜ.

ಕೊಪ್ಪಳ ಕಾಕಾ: ಅದು ಕಾಡುಮರ. ಇದು ಸಾಗವಾನಿ. ವ್ಯತ್ಯಾಸ ಗೊತ್ತಿಲ್ಲದೆ ಮಾತಾಡಬೇಡ.

ನಾನು: ಸಾಗವಾನಿ ಕಡಿಮೆ ಅಲುಗುತ್ತದೆ, ಒಪ್ಪಿದೆ. ಸುಮ್ನೆ ಕೂರಲ್ಲ. ಲೆಕ್ಕ ಹೇಳುತ್ತೇನೆ. ಏಪ್ರಿಲ್-ಮೇ ಬಿಸಿಲಿಗೂ ಸೆಪ್ಟೆಂಬರ್ ಮಳೆಗೂ ನಡುವೆ ಹಲಗೆಯ ತೇವಾಂಶ ಶೇಕಡಾ 5ರಷ್ಟು ಬದಲಾಯಿತು ಅಂದುಕೊಳ್ಳಿ. ಒಂದಡಿ ಅಗಲಕ್ಕೆ ಹೆಚ್ಚೂಕಡಿಮೆ 3 ಮಿಲಿಮೀಟರ್. ಮೂರಡಿಗೆ 8-9 ಮಿಲಿಮೀಟರ್. ಮರ ಕೊಯ್ದ ರೀತಿ ಚೆನ್ನಾಗಿದ್ದರೆ ಇದರ ಅರ್ಧ ಆಗಬಹುದು. ಇದೆಲ್ಲ ಎಳೆಗೆ, ಅಂದರೆ ಹಲಗೆಯ ಉದ್ದಕ್ಕೆ ಓಡುವ ಮರದ ನಾರಿಗೆ, ಅಡ್ಡಲಾಗಿ. ಉದ್ದಕ್ಕೆ ಲೆಕ್ಕಕ್ಕೆ ಬರುವಷ್ಟು ಇಲ್ಲ. ಪ್ಲೈಯಲ್ಲಿ ಒಂದು ಪದರ ಉದ್ದ, ಇನ್ನೊಂದು ಅಡ್ಡ ಇರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಅಕ್ಕ: ಒಂದು ನಿಮಿಷ. ನನ್ನ ಬೀರುವಿನ ಪ್ಲೈ ಅಂಚಿಗೆ ಸಾಗವಾನಿ ಪಟ್ಟಿ ಅಂಟಿಸಿ ವರ್ಷಗಳಾದವು. ಕೂದಲೆಳೆ ಸಂದು ಬಿಟ್ಟಿಲ್ಲ. ನೀನು ಜಾಸ್ತಿ ಹೆದರಿಸ್ತಿದ್ದೀಯ.

ನಾನು: ನಿನ್ನದು ಸರಿಯಾಗೇ ಇದೆ ಅಕ್ಕ. ಪಟ್ಟಿಯ ಅಗಲ ಒಂದಿಂಚು ಇದ್ದೀತು. ಅದು ಕಾಲು ಮಿಲಿಮೀಟರ್ ಹಿಗ್ಗಿದರೆ ಯಾರಿಗೂ ಗೊತ್ತಾಗಲ್ಲ. ಅದರ ಎಳೆಯೂ ಅಂಚಿನ ಉದ್ದಕ್ಕೇ ಓಡುತ್ತದೆ. ಅಂಥದ್ದಕ್ಕೆ ಅಂಟು ಹಾಕಬಹುದು. ಕಾಕಾದು ಮೂರಡಿ.

ಕೊಪ್ಪಳ ಕಾಕಾ: ಒಳ್ಳೇ ಅಂಟು ತಂದರೆ ಹಲಗೆ ಎಲ್ಲಿಗೆ ಹೋಗುತ್ತೆ ಅಂತೀನಿ!

ರಾಯಚೂರು ಮಾಮಾ: ಭಾವ, ತೊಂದರೆ ಅಲ್ಲೇ ಇದೆ. ಅಂಟು ಬಿಡದಿದ್ದರೆ ಪಕ್ಕದಲ್ಲಿ ಮರವೇ ಸೀಳುತ್ತದೆ. ನಮ್ಮ ದೇವರ ಮನೆ ಬಾಗಿಲು ಹಾಗೇ ಆಯಿತು. ಪ್ಲೈ ಮೇಲೆ ಅಗಲ ಹಲಗೆ ಅಂಟಿಸಿದ್ದರು. ಮೊದಲ ಬೇಸಿಗೆಗೇ ಅಂಚು ಕಟಕ ರೊಟ್ಟಿ ಥರ ಮೇಲೆದ್ದಿತು. ಮುಂದಿನ ವರ್ಷ ನಟ್ಟನಡುವೆ ಬಿರುಕು.

ಬಳ್ಳಾರಿ ಅತ್ತೆ: ಹಬ್ಬಕ್ಕೆ ಬಂದಾಗ ನಾನೇ ನೋಡಿದ್ದೆ. ಪಾಲಿಶ್ ಹೊಡೆದಿರಲಿಲ್ಲ, ಅದಕ್ಕೆ.

ರಾಯಚೂರು ಮಾಮಾ: ಎರಡು ಕೈ ಹೊಡೆಸಿದ್ದೆ ಅಕ್ಕಾ.

ನಾನು: ಪಾಲಿಶ್ ತೇವವನ್ನು ನಿಧಾನ ಮಾಡುತ್ತದೆ ಅತ್ತೆ, ತಡೆಯಲ್ಲ.

ಕೊಪ್ಪಳ ಕಾಕಾ: ಹಾಗಾದರೆ ಅಜ್ಜನ ಬಾಗಿಲು ಯಾಕೆ ಸೀಳಲಿಲ್ಲ? ಅದರಲ್ಲೂ ಅಗಲ ಹಲಗೆಯೇ ಇತ್ತು.

ನಾನು: ಬಿಚ್ಚಿದಾಗ ನೀವೇ ಇದ್ದಿರಲ್ಲ. ನಡುವಿನ ಹಲಗೆ ಕೈಯಲ್ಲಿ ಎಳೆದರೆ ಬಂತು. ಚೌಕಟ್ಟಿಗೆ ಕೊರೆದ ಕಾಲುವೆಯೊಳಗೆ ಸುಮ್ನೆ ಕೂತಿತ್ತು. ಅಂಟಿಲ್ಲ, ಮೊಳೆಯಿಲ್ಲ. ಬೇಸಿಗೆಯಲ್ಲಿ ಅಂಚಿನಲ್ಲಿ ಬಣ್ಣ ಹತ್ತದ ಬಿಳಿ ಗೆರೆ ಕಾಣಿಸುತ್ತಿತ್ತು, ನೆನಪಿದೆಯಾ? ಹಲಗೆ ಒಳಗೆ ಸರಿದ ಗುರುತು ಅದು. ಆ ಬಡಿಗನಿಗೆ ಇದೆಲ್ಲ ಗೊತ್ತಿತ್ತು. ವಿಡಿಯೊದವನಿಗೆ ಗೊತ್ತಿಲ್ಲ, ಅಥವಾ ಅವನು ಮುಂದಿನ ಬೇಸಿಗೆಯ ವಿಡಿಯೊ ಹಾಕಿಲ್ಲ.

ಅಕ್ಕ: ಆ ಬಿಳಿ ಗೆರೆ ನನಗೂ ನೆನಪಿದೆ. ಚೌಕಟ್ಟು ಬಾಗಿದೆ ಅಂದುಕೊಂಡಿದ್ದೆ.

ಕೊಪ್ಪಳ ಕಾಕಾ: ಸರಿ. ಏನು ಮಾಡಬೇಕು ಅದನ್ನು ಹೇಳು. ಪ್ಲೈ ತಂದು ಆಗಿದೆ.

ನಾನು: ಹಲಗೆಗಳನ್ನು ಒಂದಕ್ಕೊಂದು ಅಂಟಿಸಬಹುದು, ಎಲ್ಲ ಒಂದೇ ದಿಕ್ಕಿಗೆ ಹಿಗ್ಗುತ್ತವೆ. ಪ್ಲೈಗೆ ಮಾತ್ರ ಅಂಟು ಬೇಡ. ಕೆಳಗಿನಿಂದ ಸ್ಕ್ರೂ ಹಾಕಿಸಿ. ನಡು ಸಾಲಿನಲ್ಲಿ ಬಿಗಿ ತೂತು. ಎರಡೂ ಕಡೆ ಹೋದಂತೆ ಪ್ಲೈಯಲ್ಲಿ ಉದ್ದನೆಯ ತೂತು, ಎಳೆಗೆ ಅಡ್ಡಲಾಗಿ. ಅಂಚಿನ ಸಾಲಿಗೆ 12 ಮಿಲಿಮೀಟರ್ ಉದ್ದ ಇರಲಿ. ವಾಷರ್ ಹಾಕಿ, ತೀರಾ ಬಿಗಿಯಬಾರದು. ಸುತ್ತ ಚೌಕಟ್ಟು ಪಟ್ಟಿ ಕೂಡ ಅಂಟಿಸಬೇಡಿ, ಮೂಲೆ ಬಾಯಿ ಬಿಡುತ್ತೆ.

ಅಕ್ಕ: ಹಲಗೆ ಬೇರೆ ಬೇರೆ ಇಟ್ಟು, ನಡುವೆ ಸಣ್ಣ ಸಂದು ಬಿಟ್ಟರೆ? ಪ್ರತಿ ಹಲಗೆಗೂ ನಡುವೆ ಒಂದೇ ಸಾಲು ಸ್ಕ್ರೂ ಸಾಕಲ್ವಾ?

ನಾನು: ಅದೂ ನಡೆಯುತ್ತದೆ.

ಬಳ್ಳಾರಿ ಅತ್ತೆ: ಊಟದ ಟೇಬಲ್‌ಗೆ ಸಂದಾ? ಅನ್ನದ ಅಗುಳು, ಸಾರು ಎಲ್ಲ ಒಳಗೆ. ಇರುವೆಗೆ ಬೇರೆ ಎಲೆ ಹಾಕಬೇಕಿಲ್ಲ.

ರಾಯಚೂರು ಮಾಮಾ: ಪ್ಲೈ ಯಾಕೆ ಬೇಕು ಭಾವ? ಹಲಗೆ ಒಂದೂಕಾಲು ಇಂಚು ದಪ್ಪ ಇದೆ. ಕಾಲಿನ ಚೌಕಟ್ಟಿಗೇ ಅದೇ ಉದ್ದ ತೂತಿನಲ್ಲಿ ಕೂರಿಸಿ. ಪ್ಲೈ ಉಳಿಯಿತಲ್ಲ.

ಬಳ್ಳಾರಿ ಅತ್ತೆ: ಉಳಿದರೆ ನನ್ನ ಅಡುಗೆಮನೆಗೆ ಎರಡು ಶೆಲ್ಫ್ ಆಗುತ್ತದೆ. ಅಂಚಿಗೆ ಸಾಗವಾನಿ ಪಟ್ಟಿ ಹಾಕಿಸು. ಅದಕ್ಕೆ ಅಂಟು ಹಾಕಬಹುದು ಅಂತ ಇವನೇ ಹೇಳಿದ್ದಾನೆ.

ಕೊಪ್ಪಳ ಕಾಕಾ: ಪ್ಲೈ ಯಾರಿಗೂ ಕೊಡಲ್ಲ. ಭಾನುವಾರ ಹತ್ತಕ್ಕೆ ಮೇಸ್ತ್ರಿ ಬರುತ್ತಾನೆ. ತಮ್ಮಾ, ಈ 12 ಮಿಲಿಮೀಟರ್ ಕಥೆ ನೀನೇ ಬಂದು ಹೇಳು. ನಾನು ಹೇಳಿದರೆ ಅವನು ಜಾಸ್ತಿ ಕೂಲಿ ಕೇಳುತ್ತಾನೆ.